ಬಣ್ಣ ತೊಳೆದ ರಾಣಿ

ಟೀವಿ ಧಾರಾವಾಹಿಯಲ್ಲಿ ಹಸಿರು ಗ್ರಹದ ರಾಣಿಯಾಗಿ ಹೆಸರು ಮಾಡಿದ್ದ ಮೃದುಲಾಗೆ ಒಂದೇ ಕೊರಗು: ಬಣ್ಣ ತೊಳೆದುಕೊಂಡು ಹೊರಗೆ ಕಾಲಿಟ್ಟರೆ ತನ್ನನ್ನು ಯಾರೂ ಗುರುತಿಸುವುದಿಲ್ಲ. ಅಂದು ಹೋಟೆಲಿನಲ್ಲಿ ಒಬ್ಬಳೇ ದೋಸೆ ತಿನ್ನುತ್ತಿದ್ದಾಗ, ಪಕ್ಕದ ಮೇಜಿನ ಇಬ್ಬರು ಗೆಳೆಯರು ತನ್ನ ಪಾತ್ರದ ಮಾತೆತ್ತಿದ್ದು ಕೇಳಿ ಅವಳ ಕಿವಿ ನಿಮಿರಿತು.

"ಆ ರಾಣಿ ಕಣ್ಣಲ್ಲೇ ಆಕಾಶನೌಕೆ ಸುಟ್ಟುಬಿಡ್ತಾಳೆ ಕಣೋ. ಏನು ಗತ್ತು!" ಎಂದ ಕನ್ನಡಕದವನು.

"ಗತ್ತೆಲ್ಲ ಬಣ್ಣದ್ದು," ಎಂದ ಗಡ್ಡದವನು. "ಹಸಿರು ಬಳಿದ್ರೆ ನಮ್ಮ ಸೋದರತ್ತೆನೂ ರಾಣಿನೇ. ನಟನೆ ಎಲ್ಲಿ ಬರುತ್ತೆ ಅವಳಿಗೆ?"

ಮೃದುಲಾ ಒಂದು ಗುಟುಕು ನೀರು ಕುಡಿದು ತಡೆದುಕೊಂಡಳು.

"ಮೊನ್ನೆ ಅವಳು ಅಳೋದು ನೋಡಿ ನಾನು ಬಿದ್ದು ಬಿದ್ದು ನಕ್ಕೆ," ಎಂದು ಗಡ್ಡದವನು ಮುಂದುವರಿಸಿದ.

ಇನ್ನು ತಡೆಯಲಾಗದೆ ಅವಳು ಧಡಕ್ಕನೆ ಎದ್ದು ಅವರ ಮೇಜಿಗೇ ಬಂದಳು. "ರೀ ಸ್ವಾಮಿ, ಆ ಬಣ್ಣ ಹಚ್ಕೊಂಡು ಅತ್ರೆ ಕಣ್ಣು ಎಷ್ಟು ಉರಿಯುತ್ತೆ ಗೊತ್ತೇನ್ರೀ ನಿಮಗೆ?"

ಗಡ್ಡದವನು ಹಿಗ್ಗಿನಿಂದ ಗೆಳೆಯನತ್ತ ತಿರುಗಿದ. "ನೋಡಿದ್ಯೇನೋ? ಹೊಗಳಿದ್ರೆ ತಿರುಗಿ ನೋಡಲ್ಲ, ಬೈದ್ರೆ ಮೇಡಂ ತಾವೇ ಬಂದು ಮಾತಾಡಿಸ್ತಾರೆ ಅಂದಿರಲಿಲ್ವಾ? ಬೇಗ ಫೋನ್ ತೆಗಿ, ಫೋಟೋ!"