ಹರಿದ ಕಾಲರ್

ಪೊಲೀಸರು ಹಿಡಿದು ತಂದವನನ್ನು ನೋಡಿ ಠಾಣೆಯ ಚಿತ್ರಗಾರ ಕೂತಲ್ಲಿಂದ ಎದ್ದೇಬಿಟ್ಟ. ಬೇರೆ ಯಾರೂ ಅಲ್ಲ, ಸ್ವಂತ ಬಾಮೈದ! ಗೋಡೆಗೆ ಬಣ್ಣ ಬಳಿಯುವವನು. ಕೆಲಸದ ಮೇಲಿದ್ದವನನ್ನು ಹಾಗೆಯೇ ಎಳೆದು ತಂದಿದ್ದರು, ಕೈಗೆ ಹತ್ತಿದ ಬಣ್ಣ ಇನ್ನೂ ಹಸಿ. ಅಂಗಿಯ ಕಾಲರ್ ಎಡಗಡೆ ಹರಿದು ಜೋತಾಡುತ್ತಿತ್ತು.

ಗೋಡೆಯ ಮೇಲೆ ಚಿತ್ರಗಾರ ನಿನ್ನೆ ಬರೆದ ಸರಗಳ್ಳನ ಚಿತ್ರವಿತ್ತು. ಅದರಲ್ಲೂ ಹರಿದ ಕಾಲರ್. ಸರ ಕಳೆದುಕೊಂಡ ಡಾಕ್ಟರ ಹೆಂಡತಿ ಹೇಳಿದ್ದು ಮುಖ ಮಾತ್ರ: ಉದ್ದ ಮೂಗು, ಕೂಡಿದ ಹುಬ್ಬು. ಅಂಗಿಯ ಸುದ್ದಿಯನ್ನು ಅವರು ಎತ್ತಲಿಲ್ಲ, ಇವನು ಕೇಳಲಿಲ್ಲ. ಕೇಳುವ ಅಭ್ಯಾಸವೇ ಇರಲಿಲ್ಲ ಅನ್ನಿ. ಕಳ್ಳ ಅಂದರೆ ಸಾಕು, ಇವನ ಕೈ ತಾನಾಗಿ ಕಾಲರ್ ಹರಿದುಬಿಡುತ್ತಿತ್ತು. ಬ್ಯಾಂಕಿಗೆ ಟೋಪಿ ಹಾಕಿದವನಾದರೆ ಇಸ್ತ್ರಿ ಅಂಗಿ. ಬರೀ ಕತ್ತು ಬರೆದರೆ ಚಿತ್ರ ಬೋಳುಬೋಳಾಗಿ ಕಾಣುತ್ತದೆ ಎಂಬುದು ಅವನ ಸಮಜಾಯಿಷಿ.

ಡಾಕ್ಟರ ಹೆಂಡತಿ ಬಾಮೈದನನ್ನು ದಿಟ್ಟಿಸಿದರು. ಮೂಗು ಮೊಂಡ, ಹುಬ್ಬು ಕೂಡಿಲ್ಲ. ಇವನಲ್ಲವೇನೋ ಎಂದು ರಾಗ ಎಳೆಯುತ್ತಿದ್ದವರ ಕಣ್ಣು ಕತ್ತಿಗೆ ಇಳಿಯಿತು.

"ಇವನೇ. ಆ ಕಾಲರ್ ನಂಗೆ ಚೆನ್ನಾಗಿ ನೆನಪಿದೆ."

ಬಾಮೈದ ಭಾವನ ಕಡೆ ನೋಡಿ ತಟ್ಟನೆ ಮುಖ ತಿರುಗಿಸಿದ. ನೆಂಟಸ್ತಿಕೆ ಹೇಳಿ ಭಾವನ ಅನ್ನಕ್ಕೆ ಕಲ್ಲು ಹಾಕುವುದು ಬೇಡ ಅಂದುಕೊಂಡನೋ ಏನೋ, ಬಡಪಾಯಿ. ಚಿತ್ರಗಾರ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಬಾಯಿ ಬಿಟ್ಟರೆ ತನ್ನ ಕೆಲಸ ಹೋಗುತ್ತದೆ, ಬಿಡದಿದ್ದರೆ ಇವನು ಜೈಲಿಗೆ ಹೋಗುತ್ತಾನೆ. ಹೆಂಡತಿಗೆ ಯಾವ ಮುಖ ತೋರಿಸುವುದು? ಪೇದೆ ಆಗಲೇ ಬಾಮೈದನ ರಟ್ಟೆ ಹಿಡಿದು ಒಳಗೆ ತಳ್ಳುತ್ತಿದ್ದ.

"ಸಾರ್, ಬಿಟ್ಬಿಡಿ ಅವನನ್ನ. ಆ ಕಾಲರ್ ಮೇಡಂ ಹೇಳಿದ್ದಲ್ಲ, ನಾನೇ ಸೇರಿಸಿದ್ದು."

ಡಾಕ್ಟರ ಹೆಂಡತಿ ಕೆಂಡಾಮಂಡಲವಾದರು. ಕಣ್ಣಾರೆ ಕಂಡದ್ದನ್ನು ಸುಳ್ಳು ಅನ್ನುವುದಕ್ಕೆ ನೀನ್ಯಾವನು ಎಂದು ಹರಿಹಾಯ್ದರು. ಇನ್ಸ್‌ಪೆಕ್ಟರು ಅವರನ್ನು ಸಮಾಧಾನ ಮಾಡಿ ಕೂರಿಸಿ, ಕೈ ಬಿಡುವಂತೆ ಪೇದೆಗೆ ಸನ್ನೆ ಮಾಡಿದರು. ಚಿತ್ರಗಾರ ಉಸ್ಸಪ್ಪಾ ಎಂದು ಉಸಿರು ಬಿಟ್ಟ.

ಇನ್ಸ್‌ಪೆಕ್ಟರು ಅಷ್ಟಕ್ಕೇ ಬಿಡಲಿಲ್ಲ. ಬೀರು ತೆಗೆದು, ಅವನು ಬರೆದ ಕಳ್ಳರ ಹಳೆಯ ಚಿತ್ರಗಳ ಕಟ್ಟನ್ನು ಮೇಜಿನ ಮೇಲೆ ಹರಡಿದರು. ಎಲ್ಲರೂ ಈಗ ಜೈಲಿನಲ್ಲಿರುವವರೇ. ಮುಖಗಳು ಒಂದೊಂದು ಒಂದೊಂದು ಥರ. ಕಾಲರ್ ಮಾತ್ರ ಅಷ್ಟೂ ಚಿತ್ರಗಳಲ್ಲಿ ಎಡಗಡೆಗೇ ಹರಿದಿತ್ತು.

"ಇವರಲ್ಲಿ ಯಾರ್ಯಾರಿಗೆ ನೀನೇ ಅಂಗಿ ತೊಡಿಸಿದ್ದೀಯ, ಹೇಳು."