ಬಲಕ್ಕೆ ಕೂತ ವೈಸ್

"ಕಣ್ಣು ಕಾಣೂದಿಲ್ಲಂದ್ರ ಮನ್ಯಾಗ ಕುಂದರಬೇಕು. ಮಂದಿ ಕೆಲಸಾ ಯಾಕ ಕೆಡಸ್ತೀ?"

ಅರವತ್ತೈದು ದಾಟಿದ ಬಡಿಗ ಮೌನೇಶಪ್ಪನವರಿಗೆ ನಾನು ಹೀಗೆ ಅಂದುಬಿಟ್ಟೆ... ಅದೂ ಏಕವಚನದಲ್ಲಿ, ಓಣಿಗೆಲ್ಲ ಕೇಳುವಂತೆ.

ನಮ್ಮ ಹಿತ್ತಲ ಶೆಡ್ಡಿನಲ್ಲಿ ಅವರು ನನಗಾಗಿ ಮರಗೆಲಸದ ಬೆಂಚು ಕಟ್ಟಿ ಮುಗಿಸಿದ್ದರು. ಎರಡೂವರೆ ಇಂಚು ದಪ್ಪದ ಹಲಗೆ, ಆನೆಯಂಥ ಕಾಲು... ತಳ್ಳಿದರೂ ಕೂದಲೆಳೆಯಷ್ಟೂ ಅಲುಗದು.

ಆದರೆ ಮರವನ್ನು ಕಚ್ಚಿ ಹಿಡಿಯುವ ವೈಸ್ ಇದೆಯಲ್ಲ, ಅದನ್ನು ಬಲತುದಿಗೆ ಕೂಡಿಸಿದ್ದರು. ನಾನು ಕಂಡ ಬೆಂಚುಗಳಲ್ಲೆಲ್ಲ ಅದು ಎಡತುದಿಗೇ ಇತ್ತು.

ತಲೆಯೆತ್ತಿ ಬಲ್ಬು ನೋಡಿದೆ... ಅದೂ ಬಲಗಡೆ. ಉಳಿ, ಗರಗಸ ತೂಗುಹಾಕುವ ಮೊಳೆಗಳು... ಎಲ್ಲ ಎಡಗಡೆ. ಇಡೀ ಬೆಂಚೇ ಕನ್ನಡಿಯಲ್ಲಿ ನೋಡಿದ ಹಾಗಿತ್ತು.

ನನ್ನದು ರಾಣೆಬೆನ್ನೂರಿನಲ್ಲಿ ಹಾರ್ಡ್‌ವೇರ್ ಅಂಗಡಿ. ಇಪ್ಪತ್ತೆರಡು ವರ್ಷದಿಂದ ಗರಗಸ ಮಾರುತ್ತೇನೆ. ಆದರೆ ಒಂದು ಹಲಗೆಯನ್ನೂ ನೇರವಾಗಿ ಕೊಯ್ದವನಲ್ಲ.

ಹೆಂಡತಿ ಪ್ರಭಾವತಿ ಹೊಲಿಗೆ ಮಷೀನನ್ನು ಟ್ರಂಕಿನ ಮೇಲಿಟ್ಟು, ಬಗ್ಗಿ ಬಗ್ಗಿ ಹೊಲಿದು ಸೊಂಟ ಹಿಡಿಸಿಕೊಂಡಿದ್ದಳು. ಅವಳಿಗೆ ನನ್ನ ಕೈಯಾರೆ ಟೇಬಲ್ ಮಾಡಿಕೊಡುತ್ತೇನೆಂದು ಬೀಗರ ಎದುರು ಹೇಳಿಬಿಟ್ಟಿದ್ದೆ.

ಎರಡು ಸಲ ಮಾಡಿದೆ. ಮೊದಲನೆಯದು ಕುಂಟಿತು. ಎರಡನೆಯದರ ಮೇಲೆ ಇಟ್ಟ ಮಷೀನ್ ಒಂದೇ ಮಗ್ಗುಲಿಗೆ ಸರಿಯಿತು. "ಮಾವಾರ, ಇದು ಟೇಬಲ್ಲೋ ಜಾರಬಂಡಿನೋ?" ಎಂದು ಅಳಿಯ ಕೇಳಿದ. ಮನೆಯವರೆಲ್ಲ ನಕ್ಕರು.

ನೆಲದ ಮೇಲೆ ಕೂತು ಕೊಯ್ದರೆ ಇನ್ನೇನಾಗುತ್ತದೆ, ಸರಿಯಾದ ಬೆಂಚು ಇಲ್ಲ ಎಂದು ನಾನು ವಾದ ಮಾಡಿದೆ. ಪ್ರಭಾವತಿ ಒಪ್ಪಿದಳು, ಆದರೆ ಒಂದು ಮಾತು ಹೇಳಿದಳು...

"ಬೆಂಚೂ ಆಗ್ಲಿ. ಮೂರನೇ ಸಲಾನೂ ಕೆಟ್ರ ಗರಗಸಾ ಅಂಗಡ್ಯಾಗ ಇಡ್ರಿ, ಮನ್ಯಾಗ ಬ್ಯಾಡ."

ಅವಳು ಸಿಟ್ಟಿನಿಂದ ಹೇಳಲಿಲ್ಲ. ಅದಕ್ಕೇ ಹೆಚ್ಚು ಚುಚ್ಚಿತು. ಈ ಸಲ ಸೋತರೆ ಜೀವಮಾನವಿಡೀ ನಾನು ಮಾರುವವನೇ ಹೊರತು ಮಾಡುವವನಲ್ಲ.

ಅಂಥದರಲ್ಲಿ ಈ ಉಲ್ಟಾ ಬೆಂಚು! ನಾನು ಬೆರಳು ಕುಣಿಸಿ ಕುಣಿಸಿ ಬೈದೆ. ಬಿಚ್ಚಿ ಹಾಕು, ಹೊಸದಾಗಿ ಕೂಡಿಸು ಎಂದೆ.

ಮೌನೇಶಪ್ಪ ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಮೆಲ್ಲಗೆ ಅಂದರು...

"ಸಾವ್ಕಾರ್ರ, ಈಗ ನನ್ನ ಮಾರಿಗೆ ಯಾವ ಕೈ ಬೆರಳು ತೋರಸಾಕತ್ತೀರಿ, ನೀವ ನೋಡ್ಕೋರಿ."

ನೋಡಿದೆ... ಎಡಗೈ.

ಮೂರು ದಿನದಿಂದ ಅವರು ನನ್ನನ್ನೇ ಗಮನಿಸುತ್ತಿದ್ದರಂತೆ. ನಾನು ನಾಯಿಗೆ ಕಲ್ಲು ಬೀಸಿದ್ದು ಎಡಗೈಯಲ್ಲಿ. ಜಾರಿದ ಚಹಾದ ಲೋಟ ಗಪ್ಪನೆ ಹಿಡಿದದ್ದು ಎಡಗೈಯಲ್ಲಿ. ಸಿಟ್ಟು ಬಂದಾಗಲೆಲ್ಲ ಎದ್ದದ್ದು ಎಡಗೈ. ಗರಗಸ ಮಾತ್ರ ಬಲಗೈಯಲ್ಲಿ!

"ಸಿಟ್ಟು ಸುಳ್ಳು ಹೇಳೂದಿಲ್ರಿ. ನೀವು ಹುಟ್ಟಾ ಎಡಗೈಯವ್ರು. ಬೆಂಚು ನಿಮಗ ಕಟ್ಟೀನಿ, ಮಂದಿಗಲ್ಲ."

ಎತ್ತಿದ್ದ ಬೆರಳು ಇಳಿಸಿದೆ...

ನಾನು ಮರೆತೇಬಿಟ್ಟಿದ್ದೆ. ಒಂದನೇ ಇಯತ್ತೆ. ಸ್ಲೇಟಿನ ಮೇಲೆ ಎಡಗೈಯಲ್ಲಿ 'ಅ' ಬರೆದಿದ್ದೆ. ಮಾಸ್ತರರು ಹುಣಸೆ ಬರಲಿನಿಂದ ಬೆರಳ ಗಂಟಿನ ಮೇಲೆ ಬಾರಿಸಿದರು.

ಊಟಕ್ಕೆ ಕೂತರೆ ಅವ್ವ ಆ ಕೈಯನ್ನು ಬೆನ್ನ ಹಿಂದೆ ಬಟ್ಟೆಯಿಂದ ಕಟ್ಟುತ್ತಿದ್ದಳು. ಓಣಿಯ ಹುಡುಗರು 'ರೊಡ್ಡ', ಅಂದರೆ ಎಡಚ, ಎಂದು ಕೂಗುತ್ತಿದ್ದರು. ನಾಲ್ಕು ತಿಂಗಳಲ್ಲಿ ನಾನು 'ಸರಿಯಾದೆ'.

ಅಂದಿನಿಂದ ನನ್ನ ಅಕ್ಷರ ಸೊಟ್ಟ, ಗೆರೆ ಸೊಟ್ಟ, ಹೊಡೆದ ಮೊಳೆ ಸೊಟ್ಟ. ಎಲ್ಲರೂ ಮಬ್ಬ ಅಂದರು. ನಲವತ್ತೆರಡು ವರ್ಷ... ನಾನೂ ನಂಬಿದೆ.

ಮೌನೇಶಪ್ಪ ಹಲಗೆಯನ್ನು ವೈಸಿಗೆ ಕಚ್ಚಿಸಿ, ಪೆನ್ಸಿಲ್ಲಿನಿಂದ ಗೆರೆ ಎಳೆದು, ಗರಗಸವನ್ನು ನನ್ನ ಎಡಗೈಯಲ್ಲಿಟ್ಟರು.

ಈಗಲೂ ಯಾರೋ ಹೊಡೆಯುತ್ತಾರೆ ಅನ್ನಿಸಿತು... ಸುಳ್ಳಲ್ಲ.

ಎಳೆದೆ.

ಗರಗಸ ಗೆರೆ ಬಿಡಲೇ ಇಲ್ಲ! ಬಲಗಡೆಯ ಬೆಳಕಿಗೆ ನನ್ನ ಕೈಯ ನೆರಳು ಗೆರೆಯ ಮೇಲೆ ಬೀಳುತ್ತಲೇ ಇರಲಿಲ್ಲ. ಸರ್... ಸರ್... ತುಂಡು ಕೆಳಗೆ ಬಿತ್ತು. ಮೂಲೆ ನೇರ ಇದೆಯೇ ಎಂದು ಅಳೆಯುವ ಮೂಲೆಮಟ್ಟ ಇಟ್ಟು ನೋಡಿದೆ. ಬೆಳಕು ನುಸುಳಲೂ ಸಂದಿಯಿಲ್ಲ!

ಇನ್ನೊಂದು ಕೊಯ್ದೆ. ಮತ್ತೊಂದು. ಮೀಸೆಯ ತುಂಬ ಮರದ ಪುಡಿ. ಹುಚ್ಚನ ಹಾಗೆ ನಗುತ್ತ ಪ್ರಭಾವತಿಯನ್ನು ಕೂಗಿ ಕರೆದೆ.

ಅವಳು ಬಂದು ಕೊಯ್ದ ಅಂಚನ್ನು ಬೆರಳಿನಿಂದ ಸವರಿದಳು. ಯಾವ ಕೈಯನ್ನು ಅವ್ವ ಊಟದ ತಟ್ಟೆಯ ಹತ್ತಿರವೂ ಬಿಟ್ಟಿರಲಿಲ್ಲವೋ, ಆ ಎಡಗೈಯನ್ನು ಹಿಡಿದು ತನ್ನ ಕಣ್ಣಿಗೆ ಒತ್ತಿಕೊಂಡಳು...

ಆಗ ನಾನು ಅತ್ತೆ. ಐವತ್ತರ ಹತ್ತಿರದ ಗಂಡಸು, ಹೋ ಎಂದು ಅತ್ತೆ.

ತಿರುಗಿ ನೋಡಿದರೆ ಮೌನೇಶಪ್ಪ ತಮ್ಮ ಚೀಲ ಕಟ್ಟುತ್ತಿದ್ದರು.

ಓಡಿಹೋಗಿ ಕೈಮುಗಿದೆ. "ತಪ್ಪಾತು ಕಾಕಾ. ಚಾ ಕುಡದು ಹೋಗ್ರಿ. ಟೇಬಲ್ ಆಗೂತನಕ ದಿನಾ ಬರ್ರಿ" ಎಂದೆ.

"ಟೇಬಲ್ಲಿಗೆ ಇನ್ನ ನನ್ನ ಹಂಗು ಇಲ್ಲ. ಚಂದಾಗಿ ಮಾಡ್ರಿ" ಅಂದರು. ಆಮೇಲೆ ನನ್ನ ಮುಖ ನೋಡಿ... "ಮರಾ ಹತ್ತರಿ ಹೊಡದ್ರ ಸಮಾ ಆಗ್ತೈತಿ. ಆಡಿದ ಮಾತಿಗೆ ಮಾತ್ರ ಎಷ್ಟ ಹತ್ತರಿ ಹೊಡದ್ರೂ ಸಮಾ ಆಗೂದಿಲ್ರಿ."

ಚೀಲ ಹೆಗಲಿಗೇರಿಸಿ ಹೊರಟರು. ಓಣಿಯ ತಿರುವಿನವರೆಗೂ ಹಿಂದೆಯೇ ಹೋದೆ. ಅವರು ತಿರುಗಿ ನೋಡಲಿಲ್ಲ.

ಟೇಬಲ್ ಎಂಟೇ ದಿನದಲ್ಲಿ ಮುಗಿಯಿತು. ನಾಲ್ಕೂ ಕಾಲು ನೆಲ ಕಚ್ಚಿ ನಿಂತವು. ಬಂದು ನೋಡಿ ಎಂದು ಮೂರು ಸಲ ಹೇಳಿಕಳಿಸಿದೆ...

ಮೌನೇಶಪ್ಪ ಮತ್ತೆ ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ.

ಯಾರಿಗಾದರೂ 'ನಿನಗೆ ಬರುವುದಿಲ್ಲ' ಎನ್ನುವ ಮೊದಲು, ಅವರನ್ನು ಯಾರ ಅಳತೆಗೆ ಬಗ್ಗಿಸಿದ್ದೇವೆ ಎಂದು ನೋಡಿಕೊಳ್ಳಬೇಕು.

ನಿಮ್ಮ ಮನೆಯಲ್ಲಿ ಏನೂ ಬಾರದವರು ಎಂದು ಬೈಸಿಕೊಳ್ಳುತ್ತಿರುವವರು ಯಾರು... ಅವರ ಯಾವ ಕೈಯನ್ನು ನೀವು ಕಟ್ಟಿಹಾಕಿದ್ದೀರಿ?