ಎರಡನೆಯ ಸೌಟು

ಬೂಟ್ ಪಾಲಿಷ್‌ನ ವಾಸನೆಯನ್ನು ಹೆಡ್‌ಮೇಡಂ ಕಣ್ಣುಮುಚ್ಚಿಯೂ ಗುರುತಿಸಬಲ್ಲರು. ಚಿಕ್ಕಂದಿನಲ್ಲಿ ಪ್ರತಿ ಭಾನುವಾರ, ಚರ್ಚಿಗೆ ಹೊರಡುವ ಮುನ್ನ ಅಪ್ಪ ಮೆಟ್ಟಿಲ ಮೇಲೆ ಕೂತು ಮನೆಮಂದಿಯ ಬೂಟುಗಳನ್ನೆಲ್ಲ ಉಜ್ಜುತ್ತಿದ್ದರು. ಮನೆ ತುಂಬ ಅದೇ ವಾಸನೆ. ಈಗ ಕಡಲಾಚೆಯ ಊರಿನಲ್ಲಿ, ಬಡವರಿಗೆ ಊಟ ಹಾಕುವ ಚರ್ಚಿನ ಹಾಲ್‌ನಲ್ಲಿ, ಸೂಪಿನ ಸೌಟು ಹಿಡಿದು ನಿಂತಾಗ ಅದು ಮತ್ತೆ ಮೂಗಿಗೆ ಬಡಿಯಿತು. ಬಂದದ್ದು ಹರಕು ಕೋಟಿನ ಮುದುಕನ ಕಾಲಬುಡದಿಂದ.

"ಕೋಟಿಗೆ ಮೂರು ತೂತು, ಬೂಟಿಗೆ ಕನ್ನಡಿಯಂಥ ಹೊಳಪು. ಈ ಮನುಷ್ಯನಲ್ಲಿ ಏನೋ ಐಬಿದೆ."

ಪಕ್ಕದಲ್ಲಿ ಬ್ರೆಡ್ಡು ಕತ್ತರಿಸುತ್ತಿದ್ದ ನಾದಿನಿ ತಲೆ ಎತ್ತಲಿಲ್ಲ. "ಹೊಟ್ಟೆಗಿಲ್ಲದವರು ಬೂಟು ಉಜ್ಜಬಾರದು ಅಂತ ಬೈಬಲ್ಲಲ್ಲಿ ಎಲ್ಲೂ ಬರೆದಿಲ್ಲ, ಅತ್ತಿಗೆ."

ಮೇಡಂ ಮೂವತ್ತೊಂದು ವರ್ಷ ಶಾಲೆ ಆಳಿದವರು. ಅವರು ಕೆಮ್ಮಿದರೆ ಗಂಟೆ ಹೊಡೆಯುವ ಜವಾನನೂ ನೆಟ್ಟಗೆ ನಿಲ್ಲುತ್ತಿದ್ದ. ನಾದಿನಿಯೂ ತಾವೂ ಸೇರಿ ಆರು ಜನರ ತಂಡವಾಗಿ ಎರಡು ವಾರದ ಸೇವೆಗೆ ಹೊರಟಾಗ ಊರಿನ ಚರ್ಚಿನ ಅಯ್ಯನವರು, "ಹೋಗಿ ಬನ್ನಿ ಮೇಡಂ, ದೀನತೆ ಕಲಿಯೋಕೆ ಒಳ್ಳೇ ಅವಕಾಶ," ಎಂದು ಹರಸಿದ್ದರು. ಕಲಿಸೋಕೆ ಎನ್ನಬೇಕಿತ್ತು, ಪಾಪ, ವಯಸ್ಸಾಯಿತು ಎಂದುಕೊಂಡ ಮೇಡಂ ಆರಾಧನೆಯಲ್ಲಿ ಉಪದೇಶಿಸಲು ದೀನತೆಯ ಮೇಲೆ ಹದಿನಾಲ್ಕು ಪುಟದ ಪ್ರಸಂಗ ಬರೆದು ಪೆಟ್ಟಿಗೆಯಲ್ಲಿಟ್ಟು ತಂದಿದ್ದರು.

ಕೊನೆಯ ಭಾನುವಾರ ಇಲ್ಲಿಯ ಚರ್ಚಿನ ಸಭೆಯೆದುರು ಪ್ರಸಂಗ ಮಾಡುವ ಭಾಗ್ಯ ತಂಡದಲ್ಲಿ ಒಬ್ಬರಿಗೆ ಮಾತ್ರ. ಯಾರಿಗೆಂದು ಇಲ್ಲಿಯ ಪಾಸ್ಟರ್ ಇನ್ನೂ ಬಾಯಿ ಬಿಟ್ಟಿರಲಿಲ್ಲ. ಅವರು ನಮ್ಮ ಕಡೆಯವರೇ, ಬಂದು ನೆಲೆಸಿ ಇಪ್ಪತ್ತು ವರ್ಷ. ಎರಡೂ ಭಾಷೆ ಬರುತ್ತಿದ್ದದ್ದು ಅವರೊಬ್ಬರಿಗೇ. ಆ ಭಾಗ್ಯಕ್ಕಾಗಿ ಮೇಡಂ ಎಂಟು ದಿನದಿಂದ ಮಂಡಿನೋವು ನುಂಗಿಕೊಂಡು ಬಡಿಸುತ್ತಿದ್ದರು.

ಮುದುಕನೋ, ಕಷಾಯ ಕುಡಿಯುವ ಮಗುವಿನ ಹಾಗೆ ಉಣ್ಣುತ್ತಿದ್ದ. ಚಮಚ ಚಮಚಕ್ಕೂ ನಿಟ್ಟುಸಿರು. ಅವನ ಪಕ್ಕದ ಕೆಂಪು ಶಾಲಿನ ಹೆಂಗಸು ಗಳಿಗೆಗೊಮ್ಮೆ ಗಡಿಯಾರ ನೋಡುತ್ತಿದ್ದಳು. ಮೇಡಂ ಎರಡನೆಯ ಸೌಟು ತಂದರೆ ಮುದುಕ ಎರಡೂ ಕೈ ಅಡ್ಡ ಹಿಡಿಯುತ್ತಿದ್ದ. ಸಂಕೋಚ ಎಂದು ಮೇಡಂ ಕೈಗಳ ಸಂದಿನಲ್ಲೇ ಸುರಿಯುತ್ತಿದ್ದರು.

"ಇದು ಬಡಿಸೋದಾ, ಶಿಕ್ಷೆ ಕೊಡೋದಾ ಅತ್ತಿಗೆ?" ಎಂದಳು ನಾದಿನಿ.

ಒಂಬತ್ತನೆಯ ದಿನ ಅಡುಗೆಮನೆಯ ಕಿಟಕಿಯಿಂದ ಎಲ್ಲ ಕಣ್ಣಿಗೆ ಬಿತ್ತು. ಮುದುಕ ಇಸ್ತ್ರಿಯ ಅಂಗಿಯಲ್ಲಿ ನಡೆದು ಬಂದ. ಗೇಟಿನ ಮರೆಯಲ್ಲಿ ನಿಂತು ಕೈಚೀಲದಿಂದ ಹರಕು ಕೋಟು ತೆಗೆದು ತೊಟ್ಟ. ನೀಟಾಗಿ ಬಾಚಿದ್ದ ತಲೆಯನ್ನು ಎರಡೂ ಕೈಯಿಂದ ಕೆದರಿಕೊಂಡ. ಆಮೇಲೆ ಒಳಗೆ ಬಂದು ತಟ್ಟೆ ಹಿಡಿದ.

ಮೇಡಂ ಊಟ ಮುಗಿಯುವವರೆಗೆ ಹಲ್ಲು ಕಚ್ಚಿ ತಡೆದುಕೊಂಡರು. ಪಾತ್ರೆ ತೊಳೆದದ್ದೇ ತಡ, ಪಾಸ್ಟರ್ ಕೋಣೆಗೆ ನುಗ್ಗಿದರು.

"ಬಡವರ ಹೊಟ್ಟೆ ಮೇಲೆ ಹೊಡೀತಿದಾನೆ ಪಾಸ್ಟರ್! ಈಗಲೇ ಅವನ ಮನೆಗೆ ನಡೀರಿ."

ಪಾಸ್ಟರ್ ಕನ್ನಡಕ ತೆಗೆದು ಒರೆಸಿದರು. "ಬಿಟ್ಬಿಡಿ ಮೇಡಂ. ಅವರು ತುಂಬಾ ಕಷ್ಟದಲ್ಲಿದಾರೆ. ನೀವು ಬಂದ ಮೇಲಂತೂ..." ಎಂದು ಮಾತು ನುಂಗಿದರು.

"ನಿಮ್ಮದು ಮೆದು ಮನಸ್ಸು. ಅದಕ್ಕೇ ಇಂಥವರಿಗೆ ಸಲಿಗೆ."

"ಅವರು ಬರೋದು ನಿಲ್ಲಿಸಿದ್ರೆ ನಮ್ಮ ಗತಿ ಏನು, ಹೇಳಿ?"

ಇದೆಂಥ ಮಾತೋ ಮೇಡಂಗೆ ತಿಳಿಯಲಿಲ್ಲ. ಪ್ರಸಂಗದ ಹದಿನೈದನೆಯ ಪುಟಕ್ಕೆ ಜೀವಂತ ಉದಾಹರಣೆ ಸಿಕ್ಕಿತಲ್ಲ, ಅಷ್ಟು ಸಾಕು. ಮುಂದೆ ಮೇಡಂ, ಹಿಂದೆ ಬೇಡ ಬೇಡ ಎನ್ನುತ್ತಲೇ ಪಾಸ್ಟರ್.

ಎರಡಂತಸ್ತಿನ ಮನೆ. ಕಿಟಕಿಗಳಲ್ಲಿ ಹೂಕುಂಡ. ಬಾಗಿಲು ತೆರೆದದ್ದು ಮುದುಕನ ಹೆಂಡತಿ. ಒಳಗೆ ಸೋಫಾದ ಮೇಲೆ ಮುದುಕ ಬೆಲ್ಟು ಸಡಿಲಿಸಿ, ಹೊಟ್ಟೆಯ ಮೇಲೆ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿದ್ದ. ಮೇಡಂರನ್ನು ಕಂಡದ್ದೇ ದಡಬಡನೆ ಎದ್ದು ಹರಕು ಕೋಟನ್ನು ತಲೆಕೆಳಗಾಗಿ ತೊಡಲು ಹೋದ. ಹೆಂಡತಿ ಮೇಡಂ ಕಡೆ ಕೈ ತೋರಿಸುತ್ತ ಪಾಸ್ಟರ್‌ಗೆ ಏನೋ ಉದ್ದಕ್ಕೆ ದೂರಿದಳು.

"ಏನಂತೆ?"

ಪಾಸ್ಟರ್ ನೆಲ ನೋಡಿದರು. "ದಯವಿಟ್ಟು ಎರಡನೇ ಸೌಟು ಹಾಕಬೇಡಿ ಅಂತಿದಾರೆ. ಮನೇಲೂ ಊಟ, ಅಲ್ಲೂ ಊಟ. ಡಾಕ್ಟರು ಬೈತಾರಂತೆ."

"ಹಾಗಾದ್ರೆ ಕಳ್ಳ ತಾನಾಗೇ ಸಿಕ್ಕಿಬಿದ್ದ! ಭಾನುವಾರ ಇಡೀ ಸಭೆ ಮುಂದೆ ಇವನ ಬಣ್ಣ ಬಯಲು ಮಾಡ್ತೀನಿ."

"ಸಭೆಗೆ ಗೊತ್ತು ಮೇಡಂ. ಇವರನ್ನ ಕಳಿಸ್ತಿರೋದೇ ಸಭೆ." ಪಾಸ್ಟರ್ ಕುರ್ಚಿ ಎಳೆದು ಮೇಡಂರನ್ನು ಕೂರಿಸಿದರು. "ಈ ಊರಲ್ಲಿ ಊಟಕ್ಕಿಲ್ಲದವರು ಅಂತ ಯಾರೂ ಉಳಿದಿಲ್ಲ, ಆರು ವರ್ಷ ಆಯ್ತು. ನಿಮ್ಮ ಕಡೆಯ ಚರ್ಚುಗಳಿಗೆ ಕಾಗದ ಬರೆದು ತಿಳಿಸಿದ್ವಿ. ಆದರೂ ತಂಡಗಳು ಬರ್ತಾನೇ ಇವೆ. ಒಂದ್ಸಲ ಹಾಗೆ ಬಡಿಸೋಕೆ ಬಂದ ಒಬ್ಬ ತಾಯಿ ಖಾಲಿ ಬೆಂಚು ನೋಡಿ ಅತ್ತೇಬಿಟ್ಟರು. ಅಷ್ಟು ದೂರದಿಂದ ಬಂದವರನ್ನ ಹಾಗೇ ಕಳಿಸೋಕೆ ಇಲ್ಲಿಯವರಿಗೆ ಮನಸ್ಸು ಬರಲಿಲ್ಲ."

ಅವರು ಜೇಬಿನಿಂದ ಒಂದು ಹಾಳೆ ತೆಗೆದು ಬಿಡಿಸಿದರು. ನಮ್ಮದೇ ಅಕ್ಷರ, ಅವರದೇ ಕೈಬರಹ. ಮೇಲೆ 'ಸೇವೆ ಮಾಡುವವರು' ಎಂದಿತ್ತು. ಕೆಳಗೆ ದಿನ, ಪಾಳಿ, ಹೆಸರು. ಮುದುಕನದು ಎಲ್ಲ ದಿನವೂ ಇತ್ತು.

"ಮತ್ತೆ ನಾವು?" ಎಂದರು ಮೇಡಂ.

ಪಾಸ್ಟರ್ ಹಾಳೆ ಮಗುಚಿದರು. ಹಿಂಬದಿಯಲ್ಲಿ, 'ಸೇವೆ ಪಡೆಯುವವರು' ಎಂಬುದರ ಕೆಳಗೆ ತಂಡದ ಆರು ಹೆಸರು. ಮೊದಲನೆಯದು ಹೆಡ್‌ಮೇಡಂದು.

ಮುದುಕ ತಪ್ಪು ಮಾಡಿದವನ ಹಾಗೆ ನಕ್ಕ.

"ಅವರಿಗೆ ಹೊಟ್ಟೆ ಈಗ ಹೇಗಿದೆ, ಕೇಳಿ," ಎಂದರು ಮೇಡಂ.

"ಪರವಾಗಿಲ್ವಂತೆ." ಪಾಸ್ಟರ್ ಹಾಳೆ ಮಡಿಚಿದರು. "ಭಾನುವಾರದ ಪ್ರಸಂಗಕ್ಕೆ ನಿಮ್ಮ ಹೆಸರೇ ಇಟ್ಟಿದ್ದೆ."

"ನಮ್ಮ ನಾದಿನಿ ಮಾತಾಡಲಿ. ನಾನು ಕೂತು ಕೇಳ್ತೀನಿ."

ಮನೆಯೊಡತಿಗೆ ಇದರಲ್ಲಿ ಒಂದಕ್ಷರವೂ ತಿಳಿಯಲಿಲ್ಲ. ಮೂರು ಗಂಟೆಯಾಗಿದೆ, ಬಡಿಸಿದವರು ಇನ್ನೂ ಉಂಡಿಲ್ಲ ಎಂಬುದಷ್ಟೇ ತಿಳಿದಿತ್ತು. ಅವಳು ಒಳಗೆ ಹೋಗಿ ಬಿಸಿ ಊಟದ ತಟ್ಟೆಯೊಂದನ್ನು ತಂದು, ಸದ್ದಿಲ್ಲದೆ ಮೇಡಂ ಕೈಯಲ್ಲಿಟ್ಟಳು.